ಎಫ್ ಮೋಟಾರ್‌ನ ರಾಕೆಟ್: ಕಿಟ್ ಬಿಚ್ಚಿದ ದಿನದಿಂದ ಹಾರಿಸುವ ದಿನದವರೆಗೆ

ಚಿಕ್ಕ ರಾಕೆಟ್ ಮೂರ್ನಾಲ್ಕು ಸಲ ಹಾರಿಸಿದ ಮೇಲೆ ನನ್ನ ಮಗಳು ಕೇಳಿದ್ದು ಒಂದೇ ಮಾತು: "ಇದಕ್ಕಿಂತ ದೊಡ್ಡದು ಇಲ್ವಾ ಅಪ್ಪ?" ಇದೆ. ನಾವಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಇಂಥವನ್ನು ಮಿಡ್ ಪವರ್ ರಾಕೆಟ್ ಅನ್ನುತ್ತಾರೆ. ಎಸ್ಟೆಸ್, ಏರೋಟೆಕ್‌ನಂಥ ಕಂಪನಿಗಳು ಕಿಟ್ ಮಾರುತ್ತವೆ. ಅಮೆರಿಕದಲ್ಲಿ ಇದ್ದು ಮಕ್ಕಳ ಜೊತೆ ಒಂದು ಕಟ್ಟೋಣ ಅನ್ನುವವರಿಗೆ ನಾವು ಮಾಡಿದ ರೀತಿಯನ್ನೇ ಹೇಳುತ್ತೇನೆ. ಬೇರೆ ದೇಶಗಳಲ್ಲಿ ಕಾನೂನು ಬೇರೆ ಇರುತ್ತದೆ, ಮೊದಲು ಅದನ್ನು ತಿಳಿದುಕೊಳ್ಳಿ. ಮತ್ತೆ ಎಲ್ಲಿದ್ದರೂ ಸರಿ, ಮೋಟಾರನ್ನು ಮನೆಯಲ್ಲಿ ಮಾಡಲು ಮಾತ್ರ ಹೋಗಬೇಡಿ.

ಮೊದಲು ಮೋಟಾರ್ ಮೇಲಿನ ಬರಹ ಓದಲು ಕಲಿಯಿರಿ. ಎಫ್50-6 ಅಂತ ಇದೆ ಅಂದುಕೊಳ್ಳಿ. ಅಕ್ಷರ ಮೋಟಾರ್ ಕೊಡುವ ಒಟ್ಟು ನೂಕನ್ನು, ಅಂದರೆ ನೂಕುಬಲವನ್ನು ಅದು ಉರಿಯುವ ಸೆಕೆಂಡುಗಳಿಂದ ಗುಣಿಸಿದ್ದನ್ನು, ಹೇಳುತ್ತದೆ, ಒಂದೊಂದು ಅಕ್ಷರ ಮುಂದೆ ಹೋದ ಹಾಗೆ ಅದರ ಮಿತಿ ಎರಡರಷ್ಟಾಗುತ್ತದೆ. ಇ ಅಂದರೆ 20ರಿಂದ 40 ನ್ಯೂಟನ್ ಸೆಕೆಂಡ್, ಎಫ್ ಅಂದರೆ 80ರವರೆಗೆ, ಜಿ ಅಂದರೆ 160ರವರೆಗೆ. 50 ಅನ್ನುವುದು ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಇಂಧನ ಉರಿದು ಮುಗಿದ 6 ಸೆಕೆಂಡಿಗೆ ಪ್ಯಾರಾಶೂಟ್ ಹೊರಗೆ ತಳ್ಳುತ್ತದೆ, ಕೊನೆಯ ಅಂಕಿ ಅದು. ನೂಕುಬಲ ರಾಕೆಟ್ಟಿನ ತೂಕದ 5 ಪಟ್ಟಾದರೂ ಇರಬೇಕು. ಹಾಗಾಗಿ ಈ ಮೋಟಾರಿಗೆ ಎಲ್ಲಾ ಸೇರಿ 1 ಕಿಲೋ ಮೀರದ ರಾಕೆಟ್ ಸರಿ. ಜಿ ಮೋಟಾರ್ ಕೊಳ್ಳಲು 18 ವರ್ಷ ತುಂಬಿರಬೇಕು. ಎಚ್‌ನಿಂದ ಆಚೆಗೆ ರಾಕೆಟ್ ಹಾರಿಸಿ ತೋರಿಸಿ ಪ್ರಮಾಣಪತ್ರ ತಗೋಬೇಕು.

ಕಿಟ್ ಬಂದ ತಕ್ಷಣ ಅಂಟಿನ ಬಾಟಲಿ ಬಿಚ್ಚಬೇಡಿ. ಎಲ್ಲಾ ಭಾಗಗಳನ್ನೂ ಅಂಟಿಲ್ಲದೆ ಒಂದು ಸಲ ಜೋಡಿಸಿ ನೋಡಿ. ಮೋಟಾರ್ ಕೂರುವ ಒಳಗಿನ ಕೊಳವೆಯನ್ನು ರಾಕೆಟ್ಟಿನ ಮೈಯ ನಡುವೆ ಹಿಡಿದಿಡಲು ಹಿಂದೆ ಮುಂದೆ ಉಂಗುರಗಳಿರುತ್ತವೆ. ಉಂಗುರ ಬಿಗಿ ಇದ್ದರೆ ಅಂಚನ್ನು ಸ್ಯಾಂಡ್ ಪೇಪರಿನಿಂದ ಸ್ವಲ್ಪ ಉಜ್ಜಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಮೊದಲ ಕಿಟ್‌ನಲ್ಲಿ ನಾನು ಮರಕ್ಕೆ ಹಚ್ಚುವ ಹಳದಿ ಅಂಟು ಬಳಸಿದೆ, ಮೋಟಾರ್ ಕೊಳವೆಯನ್ನು ಒಳಗೆ ತಳ್ಳುತ್ತಾ ಅರ್ಧ ದಾರಿಯಲ್ಲಿ ಒಂದೇ ಕ್ಷಣ ನಿಲ್ಲಿಸಿದೆ, ಅಷ್ಟೇ, ಉಂಗುರ ಅಲ್ಲೇ ಕಚ್ಚಿಕೊಂಡಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಬಿಗಿಯಾದ ರಟ್ಟಿನ ಕೊಳವೆಯಲ್ಲಿ ಆ ಅಂಟು ಹಾಗೇ ಹಿಡಿಯುತ್ತದೆ. ಈಗ ನಾನು ಒಳಗಿನ ಕೆಲಸಕ್ಕೆಲ್ಲ ಎಪಾಕ್ಸಿಯನ್ನೇ, ಅಂದರೆ ಎರಡು ದ್ರವ ಬೆರೆಸಿ ಹಚ್ಚುವ ಅಂಟನ್ನೇ, ಬಳಸುವುದು, ಅದೂ ನಿಧಾನಕ್ಕೆ ಗಟ್ಟಿಯಾಗುವ 30 ನಿಮಿಷದ್ದು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ.

ರೆಕ್ಕೆ ಕೂರಿಸುವುದೇ ಈ ಕೆಲಸದ ಜೀವ. ಚಿಕ್ಕ ರಾಕೆಟ್ಟಿನಲ್ಲಿ ರೆಕ್ಕೆ ಮೈಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಇಲ್ಲಿ ಅದು ಮೈಯ ಸೀಳಿನ ಮೂಲಕ ಒಳಗೆ ಹೋಗಿ ಮೋಟಾರ್ ಕೊಳವೆಗೇ ತಾಗುತ್ತದೆ. ಅದಕ್ಕೇ ಮುಂದಿನ ಉಂಗುರವನ್ನು ಅಂಟಿಸಿ, ಹಿಂದಿನದನ್ನು ಸುಮ್ನೆ ಕೂರಿಸಿಡಿ. ಎಳೆದು ತೆಗೆಯಲು ಅದಕ್ಕೊಂದು ಟೇಪಿನ ಬಾಲ ಅಂಟಿಸಿ. ರೆಕ್ಕೆಗಳು ನೆಟ್ಟಗೆ ಕೂತು ಒಣಗಿದ ಮೇಲೆ ಆ ಉಂಗುರ ಎಳೆದು ತೆಗೆದು, ಐಸ್‌ಕ್ರೀಮ್ ಕಡ್ಡಿಯಲ್ಲಿ ಒಳಗೆ ಎಪಾಕ್ಸಿ ಸವರಿ, ಆಮೇಲೆ ಉಂಗುರ ಅಂಟಿಸಿ. ಮುಗಿದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ರೆಕ್ಕೆ ಕಿತ್ತು ಬರದ ಹಾಗೆ ಹಿಡಿದಿಡುವುದು ಇದೇ.

ಹೊರಗಿನ ಸಂದಿಗೂ ಎಪಾಕ್ಸಿ ಬೇಕು. ಮೊದಲು ಆ ಜಾಗವನ್ನು ಸ್ಯಾಂಡ್ ಪೇಪರಿನಿಂದ ತರಿ ಮಾಡಿ, ನುಣುಪಿನ ಮೇಲೆ ಅಂಟು ನಿಲ್ಲುವುದಿಲ್ಲ. ಸಂದಿಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ. ಕೊಳವೆಯನ್ನು ಮಲಗಿಸಿ, ಮೇಲ್ಮುಖವಾಗಿರುವ ಸಂದಿಗಳಿಗೆ ಮಾತ್ರ ಎಪಾಕ್ಸಿ ಎಳೆಯಿರಿ. ಕೈಗವಸಿನ ಬೆರಳನ್ನು ರಬ್ಬಿಂಗ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಸವರಿ. ಎಪಾಕ್ಸಿ ಬೆರಳಿಗೆ ಅಂಟದೆ ಗಾಜಿನ ಹಾಗೆ ಕೂರುತ್ತದೆ. ಗಟ್ಟಿಯಾಗುವ ಮೊದಲೇ ಟೇಪ್ ಕೀಳಿ. ಮಗಳಿಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ, ಮೂರನೇ ರೆಕ್ಕೆಯ ಹೊತ್ತಿಗೆ ನನಗಿಂತ ಚೆನ್ನಾಗಿ ಮಾಡಿದಳು.

ಮೂತಿಗೂ ಮೈಗೂ ಕಟ್ಟುವ ಹುರಿ ರಾಕೆಟ್ಟಿನ ಉದ್ದದ ಮೂರು ಪಟ್ಟು ಇರಲಿ. ಗಿಡ್ಡ ಹುರಿಯಾದರೆ ಮೂತಿ ವಾಪಸ್ ಬಂದು ಮೈಗೇ ಬಡಿಯುತ್ತದೆ. ಪ್ಯಾರಾಶೂಟನ್ನು ಬೆಂಕಿ ತಾಳುವ ನೋಮೆಕ್ಸ್ ಬಟ್ಟೆಯಲ್ಲಿ ಸುತ್ತಿ. ಚಳಿಯ ದಿನ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿದರೆ ಮಡಿಕೆ ಅಂಟಿಕೊಳ್ಳುವುದಿಲ್ಲ. ಬಣ್ಣ ನಿಮ್ಮಿಷ್ಟ, ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ.

ಬಣ್ಣ ಒಣಗಿದ ಮೇಲೆ ಮೋಟಾರ್, ಪ್ಯಾರಾಶೂಟ್ ಎಲ್ಲಾ ತುಂಬಿ ಬೆರಳ ಮೇಲೆ ತೂಗಿ ನೋಡಿ. ತೂಕ ಸಮ ನಿಲ್ಲುವ ಜಾಗ, ಗಾಳಿಯ ಒತ್ತಡದ ಕೇಂದ್ರಕ್ಕಿಂತ (ರಾಕೆಟ್ ಮೇಲೆ ಗಾಳಿಯ ಬಲವೆಲ್ಲ ಸೇರಿ ಬಿದ್ದ ಹಾಗಿರುವ ಜಾಗ) ಕೊಳವೆಯ ಒಂದು ಅಗಲದಷ್ಟಾದರೂ ಮುಂದಿರಬೇಕು. ಆ ಕೇಂದ್ರವನ್ನು ಓಪನ್‌ರಾಕೆಟ್ ಅನ್ನುವ ಉಚಿತ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುತ್ತದೆ. ಸಾಲದಿದ್ದರೆ ಮೂತಿಯೊಳಗೆ ತೂಕ ಸೇರಿಸಿ. ಇದನ್ನು ಬಿಟ್ಟರೆ ರಾಕೆಟ್ ಆಕಾಶದಲ್ಲಿ ಎತ್ತ ಬೇಕಾದರೂ ತಿರುಗಬಹುದು, ಕೆಳಗೆ ಮಕ್ಕಳು ನಿಂತಿರುತ್ತಾರೆ ಅಲ್ವಾ?

ಹಾರಿಸಲು ರಾಕೆಟ್ ಕ್ಲಬ್ಬಿನ ಮೈದಾನಕ್ಕೇ ಹೋಗಿ. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ನಿಯಮದ ಪ್ರಕಾರ ಈ ಮೋಟಾರಿಗೆ ಕನಿಷ್ಠ 1000 ಅಡಿ ಅಗಲದ ಬಯಲು ಬೇಕು. ಗಾಳಿ ಗಂಟೆಗೆ 20 ಮೈಲಿ ದಾಟಿರಬಾರದು. ನೀವು 30 ಅಡಿ ದೂರ ನಿಲ್ಲಬೇಕು. ಮೋಟಾರನ್ನು ಹೊತ್ತಿಸುವ ಇಗ್ನೈಟರ್ ತಂತಿಯನ್ನು ಮೋಟಾರಿನೊಳಗೆ ಮೇಲಿನ ತುದಿ ತಾಗುವವರೆಗೆ ತಳ್ಳಿ. ಈ ಮೋಟಾರ್ ಮೇಲಿನ ತುದಿಯಿಂದ ಹೊತ್ತಿಕೊಳ್ಳಬೇಕು, ತಂತಿ ಅರ್ಧಕ್ಕೇ ನಿಂತರೆ ಹೊಗೆ ಬಂದು ಸುಮ್ಮನಾಗುತ್ತದೆ. ಹಾಗಾದರೆ ಓಡಿ ಹೋಗಿ ನೋಡಬೇಡಿ. ಹಾರಿಸುವ ಗುಂಡಿ ಇರುವ ಪೆಟ್ಟಿಗೆಯ ಕೀಲಿ ತೆಗೆದು 60 ಸೆಕೆಂಡ್ ಕಾಯಿರಿ.

ಇಳಿದ ಮೇಲೆ ಪ್ರತಿ ರೆಕ್ಕೆಯನ್ನೂ ಬೆರಳಲ್ಲಿ ಮೆಲ್ಲಗೆ ಅಲುಗಾಡಿಸಿ, ಬುಡದಲ್ಲಿ ಉಗುರು ಓಡಿಸಿ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಆ ದಿನ ಇನ್ನೊಂದು ಮೋಟಾರ್ ಹಾಕಬೇಡಿ, ಮನೆಗೆ ತಂದು ಎಪಾಕ್ಸಿ ಹಚ್ಚಿ.