ಸರಕಿನ ಪಟ್ಟಿಯಿಂದ ಅಳತೆ ಹೆಕ್ಕುವುದು ಹೇಗೆ?

ದಿನಸಿ ಅಂಗಡಿಯ ಸ್ಟಾಕ್ ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿದೆ ಅಂದುಕೊಳ್ಳಿ. 'ತೊಗರಿಬೇಳೆ 1 ಕೆಜಿ', 'ಕಡಲೆಕಾಯಿ ಎಣ್ಣೆ 1.5ಲೀಟರ್', 'ಕಾಫಿಪುಡಿ ರೂ. 140, 200 ಗ್ರಾಂ'. ಹೆಸರು, ಬೆಲೆ, ಅಳತೆ ಎಲ್ಲಾ ಒಂದೇ ಕಾಲಂನಲ್ಲಿ ಕಲಸಿಹೋಗಿವೆ. ಐವತ್ತು ಸಾಲಿದ್ದರೆ ಕೈಯಲ್ಲೇ ಬಿಡಿಸಬಹುದು. ಸಾವಿರ ದಾಟಿದರೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ರೆಜೆಕ್ಸ್ (ಬರಹದಲ್ಲಿ ಏನನ್ನು ಹುಡುಕಬೇಕು ಎಂದು ಚಿಹ್ನೆಗಳಲ್ಲಿ ಹೇಳುವ ಮಾದರಿ), ಬೇಕು.

ಮೊದಲು ಪಟ್ಟಿಯ ಮೇಲೆ ಸುಮ್ನೆ ಒಮ್ಮೆ ಕಣ್ಣಾಡಿಸಿ. ಒಂದು ಕಿಲೋಗೆ ಎಷ್ಟು ವೇಷ ನೋಡಿ: ಕೆಜಿ, ಕೆ.ಜಿ., ಕಿಲೋ. ಸಿಕ್ಕಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಪ್ರಕಾರ ಅರ್ಧ ಕೆಲಸ ಇದೇ.

ಈಗ ಅಂಕಿ. [0-9]+ ಎಂದರೆ ಒಂದು ಅಥವಾ ಅದಕ್ಕಿಂತ ಜಾಸ್ತಿ ಅಂಕಿ. ಇಷ್ಟನ್ನೇ ಕೊಟ್ಟರೆ ಕಾಫಿಪುಡಿ ಸಾಲಿನಲ್ಲಿ ಸಿಗುವುದು 140, ಅಂದರೆ ಬೆಲೆ! ಮುಂದೆ ಗ್ರಾಂ, ಲೀಟರ್ ಇದ್ದರೆ ತಾನೇ ಅದು ಅಳತೆ? ಹಾಗಾಗಿ ಎರಡನ್ನೂ ಜೋಡಿಸಿ (ಇಲ್ಲಿ | ಎಂದರೆ 'ಅಥವಾ', ? ಎಂದರೆ ಅದರ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ):

([0-9]+(?:\.[0-9]+)?) *(ಕಿಲೋ|ಕೆ\.?ಜಿ|ಗ್ರಾಂ|ಗ್ರಾ|ಲೀಟರ್|ಲೀ|ಮಿ\.?ಲೀ)

ಇದನ್ನು ರೆಜೆಕ್ಸ್‌ಎಕ್ಸ್‌ಟ್ರ್ಯಾಕ್ಟ್ (REGEXEXTRACT) ಫಾರ್ಮುಲಾಗೆ ಕೊಡಿ. ಅಂಕಿ ಒಂದು ಕಾಲಂಗೆ, ಗ್ರಾಂ-ಲೀಟರ್ ಪಕ್ಕದ ಕಾಲಂಗೆ ಬರುತ್ತವೆ. ?: ಇರುವ ಆವರಣಕ್ಕೆ ಕಾಲಂ ಸಿಗುವುದಿಲ್ಲ. ಅದನ್ನು ಮರೆತರೆ ದಶಮಾಂಶದ ಚೂರು ಬೇರೆ ಕಾಲಂನಲ್ಲಿ ಬಂದು ಕೂರುತ್ತದೆ.

ಚುಕ್ಕಿಯ ಹಿಂದಿನ ಓರೆಗೆರೆ (\) ಬಿಡಬೇಡಿ. ಬರೀ ಚುಕ್ಕಿ ಎಂದರೆ 'ಯಾವ ಅಕ್ಷರವಾದರೂ ಸರಿ' ಎಂದರ್ಥ. ಆಗ 10-12 ಕೂಡ ಒಂದೇ ಸಂಖ್ಯೆಯಾಗಿ ಒಳಗೆ ನುಸುಳುತ್ತದೆ. ಜಾಗದ ನಂತರದ ನಕ್ಷತ್ರ ಎಂದರೆ ಜಾಗ ಎಷ್ಟಿದ್ದರೂ ಸರಿ, ಇಲ್ಲದಿದ್ದರೂ ಸರಿ. '1.5ಲೀಟರ್' ಸಿಗುವುದು ಅದರಿಂದಲೇ. (1950ರ ದಶಕದಲ್ಲಿ ಈ ಕಲ್ಪನೆ ಕೊಟ್ಟ ಗಣಿತಜ್ಞ ಸ್ಟೀಫನ್ ಕ್ಲೀನಿ ಹೆಸರಿನಲ್ಲೇ ಇದನ್ನು ಕ್ಲೀನಿ ಸ್ಟಾರ್ ಅನ್ನುತ್ತಾರೆ.)

ಉದ್ದದ ಪದ ಮೊದಲು ಬರಲಿ. 'ಗ್ರಾ' ಮುಂದಿದ್ದರೆ ಅಷ್ಟಕ್ಕೇ ತೃಪ್ತಿಪಟ್ಟು 'ಗ್ರಾಂ' ಪದದ ಕೊನೆಯ ಸೊನ್ನೆಯನ್ನು (ಂ) ಬಿಟ್ಟುಬಿಡುತ್ತದೆ.

ನಮ್ಮ ಪಟ್ಟಿಗಳ ನಿಜವಾದ ತಲೆನೋವು ಬೇರೆಯೇ ಇದೆ: 'ಅರ್ಧ ಕೆಜಿ', 'ಕಾಲು ಕೆಜಿ'. ಇಲ್ಲಿ ಅಂಕಿಯೇ ಇಲ್ಲ! ಮೊದಲ ಆವರಣದ ಕೊನೆಗೆ |ಅರ್ಧ|ಕಾಲು ಸೇರಿಸಿದರೆ ಆಯ್ತು ಅಲ್ವಾ? ಆಗಲಿಲ್ಲ. 'ಮುಕ್ಕಾಲು' ಪದದ ಬಾಲದಲ್ಲೂ 'ಕಾಲು' ಇದೆ. ಕಂಪ್ಯೂಟರ್ ಅದನ್ನೇ ಹಿಡಿದು ಮುಕ್ಕಾಲು ಕಿಲೋವನ್ನು ಕಾಲು ಕಿಲೋ ಮಾಡುತ್ತದೆ. |ಮುಕ್ಕಾಲು ಕೂಡ ಸೇರಿಸಿ. ಅಂಕಿಗಳು ಕನ್ನಡದಲ್ಲಿದ್ದರೆ [0-9] ಇರುವಲ್ಲೆಲ್ಲ [0-9೦-೯] ಎಂದು ಬರೆಯಿರಿ.

ಏನೂ ಸಿಗದ ಸಾಲಿನಲ್ಲಿ ಎನ್/ಎ ಎಂದು ಬರುತ್ತದೆ. ಅವನ್ನು ಫಿಲ್ಟರ್ ಮಾಡಿ ಕೈಯಲ್ಲೇ ತುಂಬಿ. 'ಸೋಪು 100 ಗ್ರಾಂ × 3' ಥರದವು ಮಾತ್ರ 100 ಎಂದು ತೋರಿಸಿ ಸದ್ದಿಲ್ಲದೆ ಪಾಸಾಗುತ್ತವೆ. × ಇರುವ ಸಾಲುಗಳನ್ನು ಬೇರೆಯಾಗಿ ಹುಡುಕಿ ನೋಡಿ.