ಹಗುರ ರಿವಾಲ್ವರಿಗೆ .32 ಸಾಕು: ನನ್ನ ಅನುಭವ

ಐದು ತೋಟಾ (ಕಾರ್ಟ್ರಿಜ್) ಹಿಡಿಸುವ .357 ರಿವಾಲ್ವರ್ ಮಾರಿ ಆರು ಹಿಡಿಸುವ .327 ರೂಗರ್ ಎಲ್‌ಸಿಆರ್ (ಅಮೆರಿಕದ ರೂಗರ್ ಕಂಪನಿಯ ಹಗುರ ಜೇಬು ರಿವಾಲ್ವರ್; ಈ ಅಂಕಿಗಳು ಗುಂಡಿನ ಅಂದಾಜು ದಪ್ಪ, ಇಂಚಿನಲ್ಲಿ) ತಗೊಂಡಾಗ ಟೆಕ್ಸಾಸಿನ ನಮ್ಮ ರೇಂಜಿನಲ್ಲಿ ನಕ್ಕವರೇ ಹೆಚ್ಚು. ಅದರಲ್ಲೂ .32 ತೋಟಾ ಹಾಕ್ತೀನಿ ಅಂದಾಗ ಹಾಸನದ ಗೆಳೆಯ, 'ಅಳಿಲು ಓಡಿಸೋಕಾ ಮಾರಾಯಾ?' ಅಂದ. ಈಗ ಹತ್ತು ಗಜದಲ್ಲಿ ಆರೂ ಗುಂಡು ಅಂಗೈ ಅಗಲದೊಳಗೆ ಬೀಳುತ್ತವೆ, ಎರಡು ಇಂಚೂ ಇಲ್ಲದ ನಳಿಗೆಯಿಂದ!

ಮೊದಲು ಕಳಕೊಂಡ ದುಡ್ಡಿನ ಲೆಕ್ಕ. .357 ಹತ್ತಿರಹತ್ತಿರ 480 ಗ್ರಾಂ. ಅದರಲ್ಲಿ ತುಂಬು ಮದ್ದಿನ ಮ್ಯಾಗ್ನಮ್ ತೋಟಾ ಹೊಡೆದರೆ ಎರಡನೇ ಸುತ್ತಿಗೇ ಹೆಬ್ಬೆರಳ ಬುಡ ಊದುತ್ತಿತ್ತು. ನೂರು ಡಾಲರಿನ ಮೇಲೆ ನಷ್ಟಕ್ಕೆ ಮಾರಿದೆ. ಆಮೇಲೆ ಎಲ್‌ಸಿಆರ್‌ನ 2009ರ ಮೂಲ ಮಾದರಿಯ .38, 380 ಗ್ರಾಂ. ಜೇಬಿನಲ್ಲಿದ್ದದ್ದೇ ಗೊತ್ತಾಗಲ್ಲ, ಆದರೆ +ಪಿ (ಒತ್ತಡ ಹೆಚ್ಚಿರುವ) ತೋಟಾ ಹಾಕಿದರೆ ಎರಡನೇ ಗುಂಡಿಗೆ ಗುರಿ ಮತ್ತೆ ಹುಡುಕಬೇಕು. 9 ಎಂಎಂ ತೋಟಾ ಅಗ್ಗ ಅಂತ ಅದನ್ನೂ ನೋಡಿದೆ. ಆ ತೋಟಾಗಳನ್ನು ಸಿಲಿಂಡರಿನಲ್ಲಿ ಒಟ್ಟಿಗೆ ಹಿಡಿದಿಡುವ ತೆಳು ತಗಡು, ಮೂನ್ ಕ್ಲಿಪ್, ಬಾಗುವುದು ಒಂದು ಕಾಟ. ಇನ್ನೊಂದು, ಕ್ರಿಂಪ್ (ಗುಂಡನ್ನು ಕಚ್ಚಿ ಹಿಡಿಯುವ ಕೇಸಿನ ಬಾಯಿ) ಸಡಿಲವಿದ್ದ ಅಗ್ಗದ ತೋಟಾಗಳಲ್ಲಿ ಒದೆತಕ್ಕೆ ಗುಂಡೇ ಮುಂದೆ ಜಾರಿ ಸಿಲಿಂಡರ್ ಕಚ್ಚಿಕೊಂಡಿತು.

.327ರ ಚೇಂಬರಿನಲ್ಲಿ (ತೋಟಾ ಕೂರುವ ಗೂಡು) ಅದೇ ದಪ್ಪದ, ಅದಕ್ಕಿಂತ ಗಿಡ್ಡ .32 ಎಚ್&ಆರ್ ಮ್ಯಾಗ್ನಮ್ಮೂ ಓಡುತ್ತೆ, .32 ಲಾಂಗೂ ಓಡುತ್ತೆ. ಜೇಬಿಗೆ ಎಚ್&ಆರ್, ಅಭ್ಯಾಸಕ್ಕೆ ಲಾಂಗ್. ನಮ್ಮೂರ ಕಡೆ ಲೈಸೆನ್ಸ್ ರಿವಾಲ್ವರ್ ಅಂದರೆ ಈ .32 ಲಾಂಗೇ ತಾನೇ. 2014ರಲ್ಲಿ ಕಾನ್ಪುರದಿಂದ ಬಂದ ಟೈಟಾನಿಯಂ 'ನಿರ್ಭೀಕ್' ಅರ್ಧ ಕಿಲೋ, ಲಕ್ಷದ ಮೇಲೆ ಬೆಲೆ. ಅರೆ ಪ್ಲಾಸ್ಟಿಕ್ಕಿನ ನನ್ನದು ಅದಕ್ಕಿಂತ ಒಂದು ಕೂದಲು ಹಗುರ, ಬೆಲೆಯೂ ಕಮ್ಮಿ.

ಕೈ ಕೂತದ್ದು ಮಾತ್ರ .22 ಎಲ್‌ಸಿಆರ್‌ನಿಂದ. ಪಿನ್ನು ತೋಟಾದ ನಡುವಿಗಲ್ಲ, ಅಂಚಿಗೆ ಹೊಡೆಯಬೇಕಾದ್ದರಿಂದ ಅದರ ಟ್ರಿಗರ್ ಗಟ್ಟಿ, ಎಲ್ಲರೂ ಬೈಯುವುದು ಅದಕ್ಕೇ. ನನಗೆ ಬೇಕಿದ್ದದ್ದೂ ಅದೇ. ಒಂದಕ್ಕೆ ಎಂಟು ಸೆಂಟು ಬೀಳುವ ತೋಟಾದಲ್ಲಿ ಒಂದು ಚಳಿಗಾಲ ಪೂರ್ತಿ ಅದನ್ನೆಳೆದ ಬೆರಳಿಗೆ .327 ಬೆಣ್ಣೆ. ಅಂಗಡಿಯಲ್ಲಿ .32 ಲಾಂಗ್ ಒಂದಕ್ಕೆ ಅರವತ್ತು ಎಪ್ಪತ್ತು ಸೆಂಟು. ಸೀಸ ನಾನೇ ಎರಕ ಹೊಯ್ದು ತುಂಬಿಕೊಂಡರೆ ಹದಿನೈದರ ಆಸುಪಾಸು. ಯಾವ ಮದ್ದು, ಎಷ್ಟು ಗ್ರೇನ್ ಅಂತ ಕೇಳಬೇಡಿ, ಹೇಳಲ್ಲ. ಹಿಡಿಯ ರಬ್ಬರನ್ನು ಎಲ್ಲಿ ಕೊಯ್ದಿದ್ದೇನೆ ಅನ್ನುವುದೂ ನನ್ನಲ್ಲೇ ಇರಲಿ.

ಕೊಡಗಿನವನಿಗೆ ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಬಂದರೆ ತೆಂಗಿನಕಾಯಿಗೆ ಈಡು ಹೊಡೆಯದೆ ಹೇಗೆ? ಇಂಡಿಯನ್ ಅಂಗಡಿಯ ಕಾಯಿ ತಂದು ಹದಿನೈದು ಗಜದಲ್ಲಿ ಕಟ್ಟಿದೆವು. ಚಪ್ಪಟೆ ಮೂತಿಯ ಲಾಂಗ್ ದುಂಡಗೆ ತೂತು ಕೊರೆದು ನೀರು ಸುರಿಸಿತು. ತುಂಬು ಮದ್ದಿನ .327 ಚಿಪ್ಪನ್ನೇ ಸಿಡಿಸಿತು, ಇಯರ್‌ಮಫ್ ಇದ್ದೂ ಕಿವಿ ಗುಂಯ್ ಅಂತು. ಹಾಸನದವನ .357 ಎರಡು ಸಲ ಕಾಯಿ ಬಿಟ್ಟು ಹಗ್ಗಕ್ಕೆ ತಾಗಿತು. ಈಗ ನನ್ನ ಹಳೇ .32 ಖಾಲಿ ಕೇಸುಗಳನ್ನು ಕೊಡು ಅಂತ ಹಿಂದೆ ಬಿದ್ದಿದ್ದಾನೆ. ಒಂದಕ್ಕೆ ಕಾಲು ಡಾಲರ್ ಅಂದಿದ್ದೇನೆ.