ಹುರುಳಿ ಕಾಳಿನ ಆಟದಲ್ಲಿ ನಿಸರ್ಗದ ಆಯ್ಕೆ

ಬೇಕಾದದ್ದೆಲ್ಲ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಹುರುಳಿ 20 ಕಾಳು, ಹೆಸರು 20, ಬಿಳಿ ಅಲಸಂದೆ 20. ಡಬ್ಬಿಯನ್ನು ಒಳಗಿಡಬೇಡಿ, ಆಮೇಲೆ ಇನ್ನಷ್ಟು ಕಾಳು ಬೇಕಾಗುತ್ತದೆ. ಅಂಗಳದಲ್ಲಿ ಚಿರೆಕಲ್ಲಿನ ಕೆಂಪು ಮಣ್ಣಿರುವ ಕಡೆ ಕೋಲಿನಿಂದ ಚೌಕ ಗೀಚಿ. ಎರಡು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ ಸಾಕು. ಕಾರವಾರದಿಂದ ಭಟ್ಕಳದವರೆಗೆ ಈ ಮಣ್ಣಿಗೇನು ಬರವಿಲ್ಲ, ಅಲ್ವಾ?

ಮಕ್ಕಳು ಬೆನ್ನು ತಿರುಗಿಸಿ ನಿಂತಿರಲಿ. 60 ಕಾಳನ್ನೂ ಬೆರೆಸಿ ಚೌಕದೊಳಗೆ ಹರಡಿ. ಈಗ ಮಕ್ಕಳೇ ಹಕ್ಕಿಗಳು. ಒಬ್ಬೊಬ್ಬರಾಗಿ ತಿರುಗಿ, ಮೊದಲು ಕಣ್ಣಿಗೆ ಬಿದ್ದ ಒಂದೇ ಕಾಳು ಹೆಕ್ಕಿ ಮತ್ತೆ ಬೆನ್ನು ಹಾಕಬೇಕು. ಹುಡುಕುತ್ತ ಕೂರುವಂತಿಲ್ಲ. ಒಟ್ಟು 45 ಹೋಗುವವರೆಗೆ ಆಡಿ.

ಉಳಿದ 15ನ್ನು ಎಣಿಸಿ. ನಮ್ಮ ಮನೆಯ ಲೆಕ್ಕ ಹೀಗಿತ್ತು: ಹುರುಳಿ 9, ಹೆಸರು 5, ಅಲಸಂದೆ 1. ಅಲಸಂದೆ ದೊಡ್ಡದೂ ಹೌದು, ಬೇಗ ಕಾಣುತ್ತದೆ, ಅದಕ್ಕೆ ಸ್ವಲ್ಪ ಅನ್ಯಾಯವಾಯಿತು ಅನ್ನಿ. ಆದರೆ ನಿಸರ್ಗದಲ್ಲೂ ಬಣ್ಣವೊಂದೇ ಲೆಕ್ಕಕ್ಕೆ ಬರುವುದಿಲ್ಲ.

ಈಗ ಡಬ್ಬಿ ತನ್ನಿ. ಉಳಿದ ಒಂದೊಂದು ಕಾಳಿಗೂ ಅದೇ ಜಾತಿಯ ಮೂರು ಮರಿಗಳು. ಹುರುಳಿಗೆ ಹುರುಳಿಯೇ ಹುಟ್ಟಬೇಕು, ಇದು ಮುಖ್ಯ. ಗುಣ ಮುಂದಿನ ತಲೆಮಾರಿಗೆ ಇಳಿಯದಿದ್ದರೆ ಆಟವೇ ನಡೆಯುವುದಿಲ್ಲ. ನಮ್ಮಲ್ಲಿ ಹುರುಳಿ 36, ಹೆಸರು 20, ಅಲಸಂದೆ 4 ಆಯಿತು. ಮತ್ತೆ ಹರಡಿದೆವು, ಮತ್ತೆ 45 ಹೆಕ್ಕಿದರು. ಅಲಸಂದೆಯ ವಂಶ ಅಲ್ಲಿಗೆ ಮುಗಿಯಿತು.

ಇಲ್ಲಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಯಾವುದಾದರೂ ಕಾಳು ಬಣ್ಣ ಬದಲಿಸಿತೇ? ಇಲ್ಲ. ಹುರುಳಿ ಕಷ್ಟಪಟ್ಟು ಕೆಂಪಾಗಲಿಲ್ಲ, ಮೊದಲೇ ಹಾಗಿತ್ತು. ಬದಲಾದದ್ದು ಗುಂಪಿನ ಲೆಕ್ಕ ಮಾತ್ರ. ಇದೇ ನಿಸರ್ಗದ ಆಯ್ಕೆ. 'ಬದುಕಲೆಂದು ಪ್ರಾಣಿ ತನ್ನನ್ನು ಬದಲಿಸಿಕೊಂಡಿತು' ಎಂದು ದೊಡ್ಡವರೂ ಹೇಳುವುದನ್ನು ಕೇಳಿದ್ದೇನೆ. ಎಡವುವುದು ಅಲ್ಲೇ. 1858ರಲ್ಲಿ ಡಾರ್ವಿನ್ ಮತ್ತು ವಾಲೇಸ್ ಎಂಬ ಇಬ್ಬರು ನಿಸರ್ಗ ವಿಜ್ಞಾನಿಗಳ ಬರಹಗಳೂ ಲಂಡನ್ನಿನಲ್ಲಿ ಒಟ್ಟಿಗೆ ಓದಲ್ಪಟ್ಟವು. ಇಬ್ಬರೂ ಹೇಳಿದ್ದು ಹೆಚ್ಚುಕಡಿಮೆ ಈ ಲೆಕ್ಕವನ್ನೇ.

ಮೂರನೇ ಸುತ್ತಿಗೆ ನಮ್ಮಲ್ಲಿ ಪಕ್ಕದ ಮನೆಯ ಕೋಳಿ ನುಗ್ಗಿತು. ಅದು ಬಣ್ಣ ಗಿಣ್ಣ ನೋಡಲಿಲ್ಲ, ಒಂದು ಮೂಲೆಯನ್ನೇ ಬಳಿದು ತಿಂದಿತು. ಓಡಿಸಬೇಡಿ, ಅದೂ ಪಾಠವೇ. ನೆರೆ ಬರುತ್ತದೆ, ಗುಡ್ಡ ಜರಿಯುತ್ತದೆ, ಯಾರು ಉಳಿದರು ಎನ್ನುವುದು ಬರೀ ಅದೃಷ್ಟವಾಗುತ್ತದೆ. ಗುಂಪು ಚಿಕ್ಕದಾದಷ್ಟೂ ಈ ಅದೃಷ್ಟದ ಆಟ ಜಾಸ್ತಿ.

ಈಗ ಜಾಗ ಬದಲಿಸಿ. ಉಳಿದ ಕಾಳುಗಳನ್ನೇ ಹಸಿರು ಹುಲ್ಲಿನ ಮೇಲೆ ಹರಡಿ. ಹೆಸರುಕಾಳು ತಲೆ ಎತ್ತುತ್ತದೆ. 'ಒಳ್ಳೆಯ ಬಣ್ಣ' ಎಂಬುದು ಇಲ್ಲವೇ ಇಲ್ಲ, ಆ ಜಾಗಕ್ಕೆ ಒಗ್ಗುವ ಬಣ್ಣ ಅಷ್ಟೇ. ಬಿಳಿ ಬಟ್ಟೆಯ ಮೇಲೆ ಹಾಕಿದರೆ ಅಲಸಂದೆ ಗೆಲ್ಲಬೇಕಿತ್ತು, ಆದರೆ ಅದು ಮೊದಲೇ ಹೋಯಿತಲ್ಲ! ಇರುವುದರಲ್ಲೇ ಆಯ್ಕೆ. ಹೊಸ ಗುಣ ಬರಬೇಕಾದರೆ ವಂಶವಾಹಿಯಲ್ಲಿ ಆಕಸ್ಮಿಕವಾಗಿ ತಿದ್ದುಪಡಿ ಆಗಬೇಕು. ಆಟದಲ್ಲಿ ಅದನ್ನೂ ತರಬಹುದು: ಪ್ರತಿ ಸುತ್ತಿನಲ್ಲಿ ಒಂದು ಮರಿಯ ಬದಲು ಕಣ್ಣು ಮುಚ್ಚಿ ಬೇರೆ ಡಬ್ಬಿಯಿಂದ ತೆಗೆದ ಒಂದು ಕಾಳು ಹಾಕಿ.

ನಿಜವಾದದ್ದನ್ನು ನೋಡಬೇಕೆಂದರೆ ಕುಮಟಾ ಕಡೆ ಅಘನಾಶಿನಿ ನದಿಯ ಗಜನಿ ಗದ್ದೆಗೆ ಹೋಗಿ. ಉಪ್ಪು ನೀರು ನುಗ್ಗುವ ಆ ಗದ್ದೆಯಲ್ಲಿ ಬೇರೆ ಭತ್ತ ಕರಟಿದರೂ ಕಗ್ಗ ಎಂಬ ಭತ್ತದ ತಳಿ ನಿಲ್ಲುತ್ತದೆ. ಉಪ್ಪು ತಾಳದ ಸಸಿಗಳನ್ನು ನೀರೇ ಕಳೆಯುತ್ತದೆ, ಉಳಿದ ತೆನೆಯಿಂದ ರೈತರು ಬೀಜಕ್ಕೆ ತೆಗೆದಿಡುತ್ತಾರೆ. ಅರ್ಧ ಆಯ್ಕೆ ನಿಸರ್ಗದ್ದು, ಅರ್ಧ ಮನುಷ್ಯರದು.

ಆಟ ಮುಗಿದ ಮೇಲೆ ಅಂಗಳ ಚೆನ್ನಾಗಿ ಗುಡಿಸಿ. ನಾವೂ ಗುಡಿಸಿದ್ದೆವು. ಮೊದಲ ಮಳೆ ಬಿದ್ದ ನಾಲ್ಕೇ ದಿನಕ್ಕೆ ಚೌಕದಲ್ಲಿ ಏಳು ಮೊಳಕೆ ಎದ್ದವು. ಏಳೂ ಹುರುಳಿಯೇ.